ಬಳಗದ ಸೈಕಲ್ ಸವಾರನಿಗೆ ಮೊಣಕಾಲಿನ ಆಪರೇಷನ್: ಆಸ್ಪತ್ರೆಯಿಂದ ತೊರವಿ ರಸ್ತೆಯವರೆಗೆ

ಆಪರೇಷನ್ ಆದ ಮೊದಲ ನಾಲ್ಕು ದಿನ ವಾರ್ಡಿನ ಹೊರಗೆ ನಿಲ್ಲಲು ಜಾಗ ಸಾಲದಷ್ಟು ಮಂದಿ. ಐದನೇ ವಾರ ಫಿಸಿಯೋಥೆರಪಿಗೆ ಕರೆದೊಯ್ಯಲು ಒಬ್ಬರೂ ಸಿಗುವುದಿಲ್ಲ. ಭಾನುವಾರದ ಸೈಕ್ಲಿಂಗ್ ಬಳಗಗಳಲ್ಲಿ ಇದು ಸಾಮಾನ್ಯ. ಪ್ರೀತಿ ಕಡಿಮೆ ಅಂತಲ್ಲ, ಇದ್ದಬದ್ದ ಕಸುವೆಲ್ಲ ಮೊದಲ ವಾರದಲ್ಲೇ ಖರ್ಚಾಗಿರುತ್ತದೆ. ಗಾಯ ಒಣಗಲು ಎರಡು ವಾರ ಸಾಕು. ಮೊಣಕಾಲು ಪೆಡಲ್ ತುಳಿಯುವಷ್ಟು ಮಡಚಿ, ರಸ್ತೆಯ ಮೇಲೆ ನಂಬಿಕೆಗೆ ಬರಲು ತಿಂಗಳುಗಳೇ ಬೇಕು. ಬಳಗದ ನೆರವನ್ನೂ ಅಷ್ಟೇ ದೂರಕ್ಕೆ ಎಳೆದು ಹಂಚಬೇಕು.

ವಿಜಯಪುರ, ಬಾಗಲಕೋಟೆ ಎಂದರೆ ರಾಜ್ಯಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಸೀಮೆ. ಸ್ಪರ್ಧೆಗೆ ಇಳಿದವರಿಗೆ ಕೋಚ್ ಇರುತ್ತಾರೆ, ಕ್ರೀಡಾ ವಸತಿ ನಿಲಯ ಇರುತ್ತದೆ. ಈ ಬರಹ ಅವರಿಗಲ್ಲ. ಬ್ಯಾಂಕು, ಶಾಲೆ, ಅಂಗಡಿ, ಹೊಲ ನೋಡಿಕೊಂಡು ಬೆಳಗಿನ ಐದೂವರೆಗೆ ಪೆಡಲ್ ತುಳಿಯುವ ಹತ್ತು-ಹದಿನೈದು ಜನರ ಬಳಗಕ್ಕೆ. ಉದಾಹರಣೆಗೆ ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ (ಕಟ್ಟುಪಟ್ಟಿ) ಹರಿದು ಅದನ್ನು ಹೊಸದಾಗಿ ಕಟ್ಟುವ ಆಪರೇಷನ್ ತೆಗೆದುಕೊಂಡಿದ್ದೇವೆ. ಕಾಲರ್ ಬೋನ್ ಪ್ಲೇಟ್, ಹರ್ನಿಯಾ, ಬೈಪಾಸ್ ಆದವರಿಗೆ ಏನು ಬೇರೆ ಎಂಬುದು ನಡುವೆ ಬರುತ್ತದೆ. ಇಲ್ಲಿರುವ ವಾರಗಳ ಲೆಕ್ಕ ಸಾಮಾನ್ಯ ಅಂದಾಜು. ಸರ್ಜನ್ ಕೊಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದೇ ಅಂತಿಮ.

ಆಪರೇಷನ್‌ಗೆ ಮುಂಚೆ: ಒಬ್ಬ ಸಂಚಾಲಕ, ಒಂದು ಹಾಳೆ

ಮೊದಲು ಒಬ್ಬರನ್ನು ಸಂಚಾಲಕರನ್ನಾಗಿ ಮಾಡಿ, ಅವರಿಗೊಬ್ಬ ಬದಲಿಯನ್ನೂ ಗೊತ್ತುಮಾಡಿ. ಆಸ್ಪತ್ರೆ, ಮನೆಯವರು, ಬಳಗ ಈ ಮೂರರ ನಡುವಿನ ಮಾತೆಲ್ಲ ಆ ಒಬ್ಬರ ಮೂಲಕವೇ ನಡೆಯಲಿ. ಹದಿನೈದು ಜನ ಹದಿನೈದು ಸಲ ಫೋನ್ ಮಾಡಿ ‘ಹ್ಯಾಂಗದಾರ ಈಗ?’ ಎಂದು ಕೇಳಿದರೆ, ಉತ್ತರ ಕೊಡುವ ಹೆಂಡತಿಗೋ ಮಗನಿಗೋ ಅದೇ ಒಂದು ಕೆಲಸವಾಗುತ್ತದೆ. ತೀರಾ ಹತ್ತಿರದ ಗೆಳೆಯನೇ ಸಂಚಾಲಕನಾಗಬೇಕೆಂದಿಲ್ಲ. ಫೋನ್ ಎತ್ತುವವರು, ‘ಈಗ ಬೇಡ’ ಎಂದು ಮುಲಾಜಿಲ್ಲದೆ ಹೇಳಬಲ್ಲವರು ಬೇಕು.

ಸಂಚಾಲಕರು ಆಪರೇಷನ್‌ಗೆ ವಾರ ಮುಂಚೆ ಮನೆಗೆ ಹೋಗಿ ಕೂತು ಮಾತಾಡಲಿ. ಯಾವ ಆಪರೇಷನ್ ಎಂದು ಬಳಗಕ್ಕೆ ತಿಳಿಸಬಹುದೇ? ಆಸ್ಪತ್ರೆಗೆ ಯಾರು ಬಂದರೆ ಹಿತ, ಯಾರು ಬೇಡ? ಫೋಟೋ ಹಾಕಬಹುದೇ? ಮನೆಯಲ್ಲಿ ಅಡುಗೆ ಯಾರದು, ಮಕ್ಕಳ ಶಾಲೆ ಯಾರದು, ಎಮ್ಮೆ ಹಿಂಡುವುದು ಯಾರದು? ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ಉಂಟೇ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಪ್ಪಿಗೆ ಇಲ್ಲದ ಯಾವ ಸುದ್ದಿಯೂ ಗ್ರೂಪಿಗೆ ಹೋಗಕೂಡದು. ಆಸ್ಪತ್ರೆಯ ಹಾಸಿಗೆಯ ಮೇಲೆ ನಳಿಕೆ ಚುಚ್ಚಿಸಿಕೊಂಡು ಮಲಗಿದವರ ಫೋಟೋ ಊರೆಲ್ಲ ಸುತ್ತುವುದನ್ನು ಯಾರೂ ಬಯಸುವುದಿಲ್ಲ. ಸವಾರ ಹೆಣ್ಣುಮಗಳಾದರೆ ರಾತ್ರಿಯ ಸರದಿ, ಬಟ್ಟೆ ಬದಲಿಸುವುದು, ಬಚ್ಚಲಿಗೆ ಕರೆದೊಯ್ಯುವುದು ಬಳಗದ ಹೆಣ್ಣುಮಕ್ಕಳದೇ ಹೊಣೆ ಎಂದು ಈಗಲೇ ಹೇಳಿಬಿಡಿ.

ಹಣದ ಮಾತು ನಾಚಿಕೆ ಬಿಟ್ಟು ಆಡಬೇಕಾದದ್ದು. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಇಲ್ಲಿ ಬಹಳ ಮಂದಿ ಎಡವುವುದು ರೆಫರಲ್ ವಿಷಯದಲ್ಲಿ. ತುರ್ತು ಅಲ್ಲದ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ಅವರೇ ಚೀಟಿ ಕೊಡಬೇಕು. ನೇರ ಖಾಸಗಿ ಆಸ್ಪತ್ರೆಗೆ ಸೇರಿ ಆಮೇಲೆ ಚೀಟಿ ಹುಡುಕಿದರೆ ಕೆಲಸ ಕೆಡುತ್ತದೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ನವೀಕರಣ ಆಗಿದೆಯೇ ನೋಡಿ. ಯೋಜನೆಯ ಮಾಹಿತಿ ಬೇಕಾದರೆ 104ಕ್ಕೆ ಕರೆ ಮಾಡಬಹುದು. ಇವೆಲ್ಲ ಆದಮೇಲೂ ಮೊಣಕಾಲಿನ ಬ್ರೇಸ್, ಊರುಗೋಲು, ಫಿಸಿಯೋಥೆರಪಿ, ಓಡಾಟದ ಬಾಡಿಗೆ ಕೈಯಿಂದಲೇ ಹೋಗುವ ಖರ್ಚು. ಬಳಗ ವಂತಿಗೆ ಎತ್ತುವುದಾದರೆ ಈ ಖರ್ಚಿಗೇ ಎತ್ತಲಿ. ದುಡ್ಡು ಬಳಗದವರ ಖಾತೆ ಸುತ್ತಿ ಬರುವುದು ಬೇಡ, ಮನೆಯವರ ಖಾತೆಗೆ ನೇರ ಹೋಗಲಿ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ಎಲ್ಲಿಯೂ ಹಾಕಬೇಡಿ.

ಕೀಲಿನ ಒಳಗೆ ಸಣ್ಣ ಕ್ಯಾಮೆರಾ ನಳಿಕೆ ಹಾಕಿ ಮಾಡುವ ಎಸಿಎಲ್ ಆಪರೇಷನ್‌ಗೆ ಸಾಮಾನ್ಯವಾಗಿ ರಕ್ತ ಬೇಕಾಗುವುದಿಲ್ಲ. ಅಪಘಾತದಲ್ಲಿ ತೊಡೆಯ ಮೂಳೆ ಮುರಿದವರಿಗೆ, ಬೈಪಾಸ್ ಆಗುವವರಿಗೆ ಬೇಕಾಗಬಹುದು. ಬಳಗದ ಎಲ್ಲರ ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಖು ಬರೆದಿಟ್ಟುಕೊಂಡಿದ್ದರೆ ನಡುರಾತ್ರಿ ಪರದಾಟ ತಪ್ಪುತ್ತದೆ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಒಂದು ಸಲ ಕೊಟ್ಟ ಮೇಲೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ.

ಮನೆ ಸಿದ್ಧಪಡಿಸುವುದು

ನಮ್ಮ ಕಡೆಯ ಹಳೆಯ ಮನೆಗಳು ಊರುಗೋಲಿನವರಿಗೆ ಹೇಳಿ ಮಾಡಿಸಿದ ತೊಂದರೆ: ಎತ್ತರದ ಹೊಸ್ತಿಲು, ನೀರು ಬಿದ್ದರೆ ಜಾರುವ ಶಹಾಬಾದ್ ಕಲ್ಲಿನ ನೆಲ, ಹಿತ್ತಲಿನಲ್ಲಿ ಪಾಯಖಾನೆ. ಆಪರೇಷನ್‌ನ ಹಿಂದಿನ ಭಾನುವಾರ ರೈಡ್ ಬಿಟ್ಟು ನಾಲ್ಕು ಜನ ಅರ್ಧ ದಿನ ಇದಕ್ಕೆ ಕೊಟ್ಟರೆ, ಆಮೇಲೆ ಹತ್ತು ಬುತ್ತಿ ಕಟ್ಟಿ ಕಳಿಸಿದ್ದಕ್ಕಿಂತ ಹೆಚ್ಚು ಉಪಕಾರ.

ಮಲಗುವುದು ಪಡಸಾಲೆಯಲ್ಲೇ ಆಗಲಿ, ಮಹಡಿಯಲ್ಲಿ ಬೇಡ. ಮಂಚದ ಎತ್ತರ ಹಾಸಿಗೆ ಸೇರಿ 45ರಿಂದ 50 ಸೆಂ.ಮೀ. ಇರಬೇಕು. ಕಡಿಮೆಯಿದ್ದರೆ ನಾಲ್ಕೂ ಕಾಲಿಗೆ ಮರದ ಗಟ್ಟಿ ತುಂಡು ಇಡಿ. ಇಟ್ಟಿಗೆ ಇಡುವುದಾದರೆ ಅಲುಗಾಡದಂತೆ ನೋಡಿಕೊಳ್ಳಿ. ಮಂಚದಿಂದ ಬಚ್ಚಲಿನವರೆಗೆ ದಾರಿಯಲ್ಲಿರುವ ಜಮಖಾನೆ, ಕಾಲೊರಸು, ಚಾರ್ಜರ್ ವೈರು ಎಲ್ಲ ತೆಗೆಯಿರಿ. ನೆಲದ ಕಕ್ಕಸಿನ ಮೇಲೆ ಇಡುವ ಕಮೋಡ್ ಕುರ್ಚಿ, ಕಾಲಿಗೆ ರಬ್ಬರ್ ಇರುವ ಸ್ನಾನದ ಸ್ಟೂಲು ಇವೆರಡು ಬೇಕೇ ಬೇಕು. ಬಳಗದ ದುಡ್ಡಿನಲ್ಲಿ ಒಮ್ಮೆ ಕೊಂಡಿಟ್ಟರೆ ಮುಂದಿನವರಿಗೂ ಆಗುತ್ತದೆ. ಬಚ್ಚಲಿಗೆ ಹೋಗುವ ದಾರಿಗೆ ರಾತ್ರಿ ಉರಿಯುವ ಸಣ್ಣ ದೀಪ.

ಊರುಗೋಲು ಬಾಡಿಗೆಗೆ ತಂದ ದಿನವೇ ಅಳತೆ ಹೊಂದಿಸಿ. ನೇರ ನಿಂತಾಗ ಮೇಲಿನ ದಿಂಬು ಕಂಕುಳಿನಿಂದ ಎರಡು-ಮೂರು ಬೆರಳು ಕೆಳಗಿರಬೇಕು, ಹಿಡಿ ಹಿಡಿದಾಗ ಮೊಣಕೈ 20–30 ಡಿಗ್ರಿ ಬಾಗಿರಬೇಕು. ಭಾರ ಬೀಳುವುದು ಅಂಗೈ ಮೇಲೆ, ಕಂಕುಳಿನ ಮೇಲಲ್ಲ. ಕಂಕುಳಿಗೆ ಒತ್ತಿ ನೇತಾಡಿದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ತುದಿಯ ರಬ್ಬರ್ ಸವೆದು ನುಣುಪಾಗಿದ್ದರೆ ಹೊಸದು ಹಾಕಿಸಿ. ಮೆಟ್ಟಿಲಿಗೆ ಒಂದೇ ನಿಯಮ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮತ್ತು ಊರುಗೋಲು ಮೊದಲು. ಕೈಗೋಲು ಒಂದೇ ಬಳಸುವ ಹಂತಕ್ಕೆ ಬಂದಾಗ ಅದು ಒಳ್ಳೆ ಕಾಲಿನ ಕಡೆಯ ಕೈಯಲ್ಲಿರಬೇಕು. ಬಹುತೇಕರು ಇದನ್ನು ಉಲ್ಟಾ ಹಿಡಿಯುತ್ತಾರೆ.

ಆಸ್ಪತ್ರೆಯ ದಿನಗಳು, ಮನೆಗೆ ಬರುವ ದಾರಿ

ಒಮ್ಮೆಗೆ ಇಬ್ಬರು, ಹದಿನೈದು ನಿಮಿಷ, ಕೈ ತೊಳೆದುಕೊಂಡು. ನೆಗಡಿ, ಕೆಮ್ಮು, ಭೇದಿ ಇದ್ದವರು ಹೋಗಬಾರದು. ರಾತ್ರಿ ಕಾವಲಿಗೆ ಒಬ್ಬರು ಸಾಕು, ಆದರೆ ಮರುದಿನ ಅವರಿಗೆ ಕೆಲಸ ಇರಕೂಡದು. ಇಷ್ಟು ಬಿಟ್ಟರೆ ಆಸ್ಪತ್ರೆಯಲ್ಲಿ ಬಳಗಕ್ಕೆ ಹೆಚ್ಚು ಕೆಲಸವಿಲ್ಲ.

ಬಿಡುಗಡೆಯ ದಿನ ಮಾತ್ರ ಒಬ್ಬರು ಗಮನವಿಟ್ಟು ಜೊತೆಗಿರಲಿ. ನೋವಿನಲ್ಲಿರುವ ರೋಗಿಗೂ ಬಿಲ್ಲಿನ ಓಡಾಟದಲ್ಲಿರುವ ಮನೆಯವರಿಗೂ ವೈದ್ಯರು ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಕೇಳಿ ಬರೆದುಕೊಳ್ಳಬೇಕಾದದ್ದು: ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು, ಬ್ರೇಸ್ ರಾತ್ರಿಯೂ ಬೇಕೇ, ಎಷ್ಟು ಡಿಗ್ರಿಗಿಂತ ಹೆಚ್ಚು ಮಡಚಬಾರದು, ಹೊಲಿಗೆ ಎಂದು ತೆಗೆಯುವುದು, ಎಸಿಎಲ್ ಜೊತೆ ಮೆನಿಸ್ಕಸ್ (ಮೊಣಕಾಲಿನ ಮೂಳೆಗಳ ನಡುವಿನ ಮೆತ್ತೆ) ಅನ್ನೂ ಹೊಲಿದಿದ್ದಾರೆಯೇ, ಹೊಸ ಲಿಗಮೆಂಟಿಗೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಎಲ್ಲಿಂದ ತೆಗೆದರು. ಕೊನೆಯ ಎರಡು ಪ್ರಶ್ನೆ ಬಳಗಕ್ಕೆ ಯಾಕೆ ಬೇಕು ಎಂದರೆ, ಮುಂದೆ ಪೆಡಲ್ ತುಳಿಯುವ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಮೆನಿಸ್ಕಸ್ ಹೊಲಿದಿದ್ದರೆ ನಾಲ್ಕರಿಂದ ಆರು ವಾರ 90 ಡಿಗ್ರಿ ದಾಟಿ ಮಡಚಬೇಡಿ ಎನ್ನುವುದು ಸಾಮಾನ್ಯ. ಅಂದರೆ ಪೆಡಲ್ ಪೂರ್ತಿ ಸುತ್ತುವುದು ಅಲ್ಲಿಯವರೆಗೆ ಇಲ್ಲ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆದಿದ್ದರೆ ಪೆಡಲನ್ನು ಮೇಲಕ್ಕೆ ಎಳೆಯುವ ಅಭ್ಯಾಸ ಕೆಲ ತಿಂಗಳು ಬಿಡಬೇಕು.

ಬೆಳಗಾವಿ, ಹುಬ್ಬಳ್ಳಿ, ಸೊಲ್ಲಾಪುರ ಅಥವಾ ಮಿರಜದಲ್ಲಿ ಆಪರೇಷನ್ ಆಗಿ ವಿಜಯಪುರಕ್ಕೆ ಬರುವುದಾದರೆ ಪ್ರಯಾಣವೇ ಒಂದು ಗಂಡಾಂತರ. ಗಂಟೆಗಟ್ಟಲೆ ಅಲುಗಾಡದೆ ಕೂತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿ. ಮೊದಲು ಕುಂಡಿ ಊರಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬೇಕು. ಪ್ಲಾಸ್ಟಿಕ್ ಮೇಲೆ ಸಲೀಸಾಗಿ ಜಾರುತ್ತದೆ, ಮೊಣಕಾಲು ತಿರುಚುವುದಿಲ್ಲ. ಕೂತ ಮೇಲೆ ಆ ಚೀಲ ತೆಗೆದುಬಿಡಿ, ಇಲ್ಲವಾದರೆ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುತ್ತಾರೆ. ಗಂಟೆಗೊಮ್ಮೆ ನಿಲ್ಲಿಸಿ. ದಾರಿಯುದ್ದಕ್ಕೂ ಪಾದವನ್ನು ಹಿಂದೆ ಮುಂದೆ ಆಡಿಸುತ್ತಿರಲಿ.

ಬುತ್ತಿ: ನಂಜಿನ ಜಗಳ ಬಿಟ್ಟು ಕಾಳಿನ ಲೆಕ್ಕ ಹಾಕುವುದು

ಆಪರೇಷನ್ ಆದವರಿಗೆ ‘ನಂಜು’ ಎಂದು ಬದನೆಕಾಯಿ, ಆಲೂಗಡ್ಡೆ, ಮೊಟ್ಟೆ, ಮೊಸರು, ಕೆಲವು ಮನೆಗಳಲ್ಲಿ ತೊಗರಿಬೇಳೆಯನ್ನೂ ನಿಲ್ಲಿಸಿ, ಬರೀ ಅನ್ನ-ಸಾರು ಮೇಲೆ ಇಡುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಕೀವು ಆಗುವುದು ಸೂಕ್ಷ್ಮಾಣುಗಳಿಂದ, ಬದನೆಕಾಯಿಯಿಂದಲ್ಲ. ಗಾಯ ಕೂಡಿಕೊಳ್ಳಲು, ಸೊರಗುವ ತೊಡೆಯ ಸ್ನಾಯು ಉಳಿಯಲು ಬೇಕಾದದ್ದು ಪ್ರೋಟೀನ್. ನಂಜಿನ ಪಥ್ಯ ಮಾಡಿದರೆ ಮೊದಲು ತಟ್ಟೆಯಿಂದ ಹೋಗುವುದೇ ಅದು. ಹಾಗೆಂದು ಮನೆಯ ಹಿರಿಯಜ್ಜಿಯ ಜೊತೆ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಹೆಸರುಕಾಳಿಗೆ ಯಾರೂ ಬೇಡ ಅನ್ನುವುದಿಲ್ಲ. ಹಾಲಿಗೂ ಇಲ್ಲ. ಅಲ್ಲಿಂದ ಶುರು ಮಾಡಿ.

ಚೇತರಿಕೆಯ ಕಾಲದಲ್ಲಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. ನಮ್ಮ ಅಡುಗೆಯಲ್ಲೇ ಲೆಕ್ಕ ಹಾಕೋಣ. 150 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ಸುಮಾರು 15 ಗ್ರಾಂ, 50 ಗ್ರಾಂ ಒಣ ಹೆಸರುಕಾಳಿನ ಪಲ್ಯದಿಂದ 12, 50 ಗ್ರಾಂ ತೊಗರಿಬೇಳೆಯಿಂದ 11, ಹಾಲು-ಮೊಸರು ಸೇರಿ ಅರ್ಧ ಲೀಟರಿನಿಂದ 16, 40 ಗ್ರಾಂ ಶೇಂಗಾದಿಂದ 10, ಎರಡು ಮೊಟ್ಟೆಯಿಂದ 12. ಒಟ್ಟು 76. ಮೊಟ್ಟೆ ತಿನ್ನದವರು 70 ಗ್ರಾಂ ಪನೀರ್ ತಿಂದರೆ ಲೆಕ್ಕ ಸರಿಹೋಗುತ್ತದೆ. ಇದಕ್ಕೆ ಮೇಲಿಂದ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮಡಕಿಕಾಳು ಉಸುಳಿ ಸೇರಿದರೆ ಇನ್ನೂ ಒಳ್ಳೆಯದು. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ನಡೆಯದು, ಅವರದು ವೈದ್ಯರೇ ಹೇಳಬೇಕು.

ಮೊದಲ ವಾರದ ದೊಡ್ಡ ಸಂಕಟ ನೋವಿಗಿಂತ ಮಲಬದ್ಧತೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಕರುಳಿನ ಚಲನೆ ನಿಧಾನ ಮಾಡುತ್ತದೆ, ಮಲಗಿದಲ್ಲೇ ಇರುವುದು ಅದಕ್ಕೆ ಸೇರುತ್ತದೆ. ಹರ್ನಿಯಾ ಆಪರೇಷನ್ ಆದವರಂತೂ ಮುಕ್ಕಲೇಬಾರದು. ರಾತ್ರಿ ನೆನೆಹಾಕಿದ ಹದಿನೈದು-ಇಪ್ಪತ್ತು ಒಣದ್ರಾಕ್ಷಿ, ಜೋಳದ ನುಚ್ಚು-ಮಜ್ಜಿಗೆ, ಸೊಪ್ಪಿನ ಪಲ್ಯ, ಸಾಕಷ್ಟು ನೀರು. ವಿಜಯಪುರದಲ್ಲಿ ಒಣದ್ರಾಕ್ಷಿಗೇನು ಬರವೇ! ಸಕ್ಕರೆ ಕಾಯಿಲೆಯವರಿಗೆ ಮಾತ್ರ ಅದು ಬೇಡ, ಸಕ್ಕರೆ ಏರಿದರೆ ಗಾಯ ಮಾಯುವುದು ತಡವಾಗುತ್ತದೆ. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಏಕಾಏಕಿ ಹೆಚ್ಚು ಮಾಡಬಾರದು, ಬಿಡಲೂಬಾರದು. ದಿನವೂ ಒಂದೇ ಅಳತೆ ಇರಲಿ.

ಬುತ್ತಿಯ ಸರದಿಗೆ ಐದು ಮನೆ ಸಾಕು, ವಾರಕ್ಕೆ ಮನೆಗೊಂದು ದಿನ. ಉಳಿದೆರಡು ದಿನ ಮನೆಯವರೇ ಮಾಡಿಕೊಳ್ಳಲಿ, ಅವರ ಅಡುಗೆಮನೆಯನ್ನೇ ಕಿತ್ತುಕೊಂಡಂತೆ ಆಗಬಾರದು. ಬೆಳಿಗ್ಗೆ ಹತ್ತರ ಒಳಗೆ ಬುತ್ತಿ ತಲುಪಬೇಕು, ಏಪ್ರಿಲ್-ಮೇ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಡಬ್ಬಿಯಲ್ಲಿದ್ದ ಮೊಳಕೆಕಾಳು ಹುಳಿಯುತ್ತದೆ. ಹೋಳಿಗೆ, ಕರದಂಟು ಮೊದಲ ದಿನವೇ ಎಲ್ಲ ಮನೆಯಿಂದಲೂ ಬಂದಿರುತ್ತದೆ. ಅದಕ್ಕೆ ಸರದಿ ಬೇಡ.

ಮೊದಲ ಆರು ವಾರ: ಮಾಡಬಾರದ್ದೇ ಹೆಚ್ಚು

ಮನೆಯವರು ಪ್ರೀತಿಯಿಂದ ಮಾಡುವ ದೊಡ್ಡ ತಪ್ಪು ಮೊಣಕಾಲಿನ ಕೆಳಗೆ ದಿಂಬು ಇಡುವುದು. ಕಾಲು ಸ್ವಲ್ಪ ಮಡಚಿದ್ದರೆ ನೋವು ಕಡಿಮೆ, ಆದ್ದರಿಂದ ರೋಗಿಯೂ ಬೇಕೆನ್ನುತ್ತಾರೆ. ಹಾಗೆ ಮೂರು ವಾರ ಮಲಗಿದರೆ ಮೊಣಕಾಲು ಪೂರ್ತಿ ನೇರವಾಗುವುದೇ ನಿಂತುಹೋಗುತ್ತದೆ, ಆಮೇಲೆ ಕುಂಟು ಉಳಿಯುತ್ತದೆ. ದಿಂಬು ಇಡಬೇಕಾದದ್ದು ಹಿಮ್ಮಡಿಯ ಕೆಳಗೆ, ಮೊಣಕಾಲಿನ ಹಿಂಭಾಗ ಗಾಳಿಯಲ್ಲಿ ತೇಲುವಂತೆ. ನೋಡಲು ಹೋದವರು ಮೊದಲು ಇದನ್ನು ಗಮನಿಸಿ.

ಎರಡನೆಯದು ಎಣ್ಣೆ ಹಚ್ಚಿ ತಿಕ್ಕುವುದು. ಊದಿದ ಮೀನಖಂಡದಲ್ಲಿ ಹೆಪ್ಪುಗಟ್ಟಿದ ರಕ್ತವಿದ್ದರೆ ತಿಕ್ಕಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಗಾಯಕ್ಕೆ ಅರಿಶಿನ ಮೆತ್ತುವುದೂ ಬೇಡ, ಒಣ ಪಟ್ಟಿ ಒಣಗಿಯೇ ಇರಲಿ. ಊತಕ್ಕೆ ಐಸು: ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಟವೆಲಿನಲ್ಲಿ ಸುತ್ತಿ, 15ರಿಂದ 20 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಚರ್ಮಕ್ಕೆ ನೇರ ಇಟ್ಟರೆ ಸುಡುತ್ತದೆ.

ಸರದಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಅಪಾಯದ ಗುರುತುಗಳಿವೆ. ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಇದ್ದರೆ ಅಂದೇ ಸರ್ಜನ್‌ಗೆ ಫೋನ್. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ಚುಚ್ಚಿದರೆ ಯಾರನ್ನೂ ಕೇಳದೆ 108.

ಫಿಸಿಯೋಥೆರಪಿಗೆ ಕರೆದೊಯ್ಯುವುದು ಬಳಗ ಮಾಡಬಹುದಾದ ಅತಿ ಬೆಲೆಯುಳ್ಳ ಕೆಲಸ. ಮೂರನೇ ವಾರದ ಹೊತ್ತಿಗೆ ಮನೆಯವರು ತಮ್ಮ ಕೆಲಸಕ್ಕೆ ಮರಳಿರುತ್ತಾರೆ, ಆಟೋ ಹತ್ತಿ ಇಳಿಯುವುದು ಕಷ್ಟ, ‘ಮನೆಯಲ್ಲೇ ಮಾಡಿಕೊಳ್ಳುತ್ತೇನೆ’ ಎಂದು ಬಿಟ್ಟುಬಿಡುತ್ತಾರೆ. ಸರದಿಯ ಹಾಳೆಯಲ್ಲಿ ಮೊದಲ ವಾರದ ಖಾನೆಗಳನ್ನು ಖಾಲಿ ಬಿಟ್ಟರೂ ಚಿಂತೆಯಿಲ್ಲ, ಮೂರರಿಂದ ಹತ್ತನೇ ವಾರದವರೆಗಿನ ಖಾನೆಗಳಲ್ಲಿ ಹೆಸರು ತುಂಬಿರಬೇಕು. ಮನೆಯಲ್ಲಿ ಮಾಡುವ ವ್ಯಾಯಾಮಕ್ಕೆ, ಅಂದರೆ ಹಾಸಿಗೆಯ ಮೇಲೆ ಹಿಮ್ಮಡಿ ಜಾರಿಸುವುದು, ತೊಡೆ ಬಿಗಿಹಿಡಿದು ಐದು ಸೆಕೆಂಡ್ ನಿಲ್ಲಿಸುವುದು, ಇವಕ್ಕೆ ಜೊತೆಗೆ ಕೂತು ಎಣಿಸುವವರೊಬ್ಬರಿದ್ದರೆ ಸಾಕು. ಎಷ್ಟು ಸಲ ಎಂಬುದು ಫಿಸಿಯೋ ಹೇಳಿದಷ್ಟೇ. ‘ಇನ್ನೊಂದು ಹತ್ತು ಹೊಡಿ’ ಎಂಬ ಹುರುಪು ರಸ್ತೆಗೆ ಇರಲಿ.

ಸೈಕಲ್ಲನ್ನೂ ಮರೆಯಬೇಡಿ. ಧೂಳು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಗಾಳಿ ತುಂಬಿ, ಗೋಡೆಗೆ ತೂಗುಹಾಕಿ. ನೆಲದ ಮೇಲೆ ಗಾಳಿಯಿಲ್ಲದೆ ತಿಂಗಳುಗಟ್ಟಲೆ ನಿಂತರೆ ಟೈರಿನ ಬದಿ ಸೀಳುತ್ತದೆ. ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ನಮ್ಮ ಬಿಸಿಲಿಗೆ ಎರಡು-ಮೂರು ತಿಂಗಳಲ್ಲಿ ಒಣಗುತ್ತದೆ, ಹೊಸದು ಹಾಕಿ. ದೀಪದ ಬ್ಯಾಟರಿ ಚಾರ್ಜ್ ಮಾಡಿಡಿ.

ಪಡಸಾಲೆಯಲ್ಲಿ ಟ್ರೇನರ್

ಪೆಡಲ್ ಪೂರ್ತಿ ಒಂದು ಸುತ್ತು ಬರಲು ಮೊಣಕಾಲು ಸುಮಾರು 105–110 ಡಿಗ್ರಿ ಮಡಚಬೇಕು. ಫಿಸಿಯೋ ಅಳೆದು ಅಷ್ಟು ಬಂದಿದೆ, ಸರ್ಜನ್ ಸರಿ ಎಂದಿದ್ದಾರೆ ಎಂದಾದ ಮೇಲೆ ಟ್ರೇನರ್, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯುವಂತೆ ಹಿಡಿದಿಡುವ ಸ್ಟ್ಯಾಂಡ್, ತನ್ನಿ. ಎಸಿಎಲ್ ಮಾತ್ರ ಆಗಿದ್ದರೆ ಇದು ಮೂರು-ನಾಲ್ಕನೇ ವಾರದಲ್ಲೇ ಆಗಬಹುದು. ಹಿಂದಿನ ಚಕ್ರ ಒತ್ತುವ ಸಾದಾ ಮ್ಯಾಗ್ನೆಟ್ ಟ್ರೇನರ್ ಸಾಕು.

1. ಹಿಂದಿನ ಚಕ್ರಕ್ಕೆ ಟ್ರೇನರ್ ಜೊತೆ ಬಂದ ಉಕ್ಕಿನ ಸ್ಕ್ಯೂವರನ್ನೇ (ಚಕ್ರವನ್ನು ಬಿಗಿಹಿಡಿಯುವ ಕಡ್ಡಿ) ಹಾಕಿ. ಹಗುರ ಅಲ್ಯೂಮಿನಿಯಂ ಸ್ಕ್ಯೂವರ್ ಜಾರುತ್ತದೆ, ಸೈಕಲ್ ಮಗುಚುತ್ತದೆ.

2. ಕೆಳಗೆ ರಬ್ಬರ್ ಚಾಪೆ, ಮುಂದಿನ ಚಕ್ರಕ್ಕೆ ಅಷ್ಟೇ ಎತ್ತರದ ಗಟ್ಟಿ ಆಸರೆ. ಮುಂದೆ ತಗ್ಗಾಗಿದ್ದರೆ ಭಾರವೆಲ್ಲ ಕೈಗೆ ಬೀಳುತ್ತದೆ.

3. ಟೈರಿಗೆ ಎಂದಿನ ಗಾಳಿ. ರೋಲರ್ ಟೈರಿಗೆ ತಾಗಿದ ಮೇಲೆ ಎರಡು-ಮೂರು ಸುತ್ತು ಬಿಗಿಮಾಡಿ. ಕಡಿಮೆಯಾದರೆ ಟೈರ್ ಜಾರಿ ಕಾಲು ಜರ್ಕ್ ಹೊಡೆಯುತ್ತದೆ, ಹೊಸ ಲಿಗಮೆಂಟಿಗೆ ಆ ಜರ್ಕೇ ವೈರಿ.

4. ಬೂಟಿನ ತಳವನ್ನು ಕಚ್ಚಿ ಹಿಡಿಯುವ ಕ್ಲಿಪ್ ಪೆಡಲ್ ಬಿಚ್ಚಿ ಅಗಲದ ಸಾದಾ ಪೆಡಲ್ ಹಾಕಿ. ಎಡಗಡೆಯದು ಉಲ್ಟಾ ಮರೆ (ಥ್ರೆಡ್). ಪೆಡಲಿನ ಬುಡಕ್ಕೆ ಹಾಕಿದ 15 ಮಿ.ಮೀ. ಸ್ಪ್ಯಾನರ್ ಮೇಲ್ಮುಖವಾಗಿದ್ದಾಗ ಎರಡನ್ನೂ ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚುತ್ತವೆ. ಕ್ಲಿಪ್ ಬೇಡ ಎನ್ನಲು ಕಾರಣ, ಅದನ್ನು ಬಿಡಿಸಲು ಹಿಮ್ಮಡಿ ಹೊರಕ್ಕೆ ತಿರುಚಬೇಕು, ಆ ತಿರುವು ನೇರ ಮೊಣಕಾಲಿಗೆ ಹೋಗುತ್ತದೆ.

5. ಸೀಟನ್ನು ಎಂದಿನದಕ್ಕಿಂತ 1–2 ಸೆಂ.ಮೀ. ಎತ್ತರಿಸಿ. ಸೀಟು ಎತ್ತರವಾದಷ್ಟೂ ಪೆಡಲ್ ಮೇಲೆ ಬಂದಾಗ ಮೊಣಕಾಲು ಕಡಿಮೆ ಮಡಚುತ್ತದೆ. ಕೆಳಗೆ ಬಂದಾಗ ಸೊಂಟ ಅತ್ತಿತ್ತ ತೂಗಾಡಿದರೆ ಅತಿಯಾಯಿತು ಎಂದರ್ಥ. ಮಡಚುವುದು ಇನ್ನೂ ಸಾಲದಿದ್ದರೆ ಗಿಡ್ಡ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಉಪಾಯ. 10 ಮಿ.ಮೀ. ಗಿಡ್ಡ ಮಾಡಿ ಸೀಟನ್ನೂ 10 ಮಿ.ಮೀ. ಏರಿಸಿದರೆ, ಮೇಲೆ ಬಂದ ಪೆಡಲ್ ಸೀಟಿನಿಂದ ಮೊದಲಿಗಿಂತ 20 ಮಿ.ಮೀ. ಹೆಚ್ಚು ಕೆಳಗೆ ಸಿಗುತ್ತದೆ.

6. ಹತ್ತಲು ಅಲುಗಾಡದ ಸ್ಟೂಲು, ಪಕ್ಕದಲ್ಲಿ ಒಬ್ಬರು. ಭಾರವೆಲ್ಲ ಒಳ್ಳೆ ಕಾಲಿನ ಮೇಲೆ.

ಮೊದಲ ದಿನ ಪೂರ್ತಿ ಸುತ್ತು ಬರದಿದ್ದರೆ ಮುಂದಕ್ಕೆ ಅರ್ಧ, ಹಿಂದಕ್ಕೆ ಅರ್ಧ ತೂಗಾಡಿಸಿದರೂ ಸಾಕು. ಸುತ್ತು ಮೊದಲು ಹಿಂದಕ್ಕೆ ಬರುತ್ತದೆ, ಆಮೇಲೆ ಮುಂದಕ್ಕೆ. ಬಿಗಿ ಅತಿ ಕಡಿಮೆಯಲ್ಲಿಟ್ಟು ಐದು ನಿಮಿಷ, ನಿಮಿಷಕ್ಕೆ ಅರವತ್ತು ಸುತ್ತು. ಎದುರಿಗೆ ಫ್ಯಾನ್ ಇರಲಿ. ತುಳಿಯುವ ಮುಂಚೆ ಮತ್ತು ಮರುದಿನ ಬೆಳಿಗ್ಗೆ ಮೊಣಕಾಲ ಚಿಪ್ಪಿನ ನಡುಭಾಗದ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆಯಿರಿ. ಒಂದು ಸೆಂ.ಮೀ. ಹೆಚ್ಚಾಗಿದ್ದರೆ ನಿನ್ನೆ ಮಾಡಿದ್ದು ಜಾಸ್ತಿ. ಒಂದು ದಿನ ಬಿಟ್ಟು, ಅರ್ಧಕ್ಕೆ ಇಳಿಸಿ.

ಕಾಲರ್ ಬೋನ್ ಪ್ಲೇಟ್ ಆದವರಿಗೆ ಕಾಲು ಚೆನ್ನಾಗಿರುತ್ತದೆ, ಅವರು ಹ್ಯಾಂಡಲ್ ಮೇಲೆ ಭಾರ ಹಾಕದೆ ನೆಟ್ಟಗೆ ಕೂತು ತುಳಿಯಬಹುದು. ಹೊಲಿಗೆ ತೆಗೆಯುವವರೆಗೆ ಬೆವರು ಗಾಯಕ್ಕೆ ಇಳಿಯುವಷ್ಟು ಬೇಡ. ರಸ್ತೆಗೆ ಹೋಗಲು ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣಬೇಕು, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ. ಬೈಪಾಸ್ ಆದವರ ಎದೆಮೂಳೆಗೂ ಅಷ್ಟೇ ಕಾಲ ಹಿಡಿಯುತ್ತದೆ, ಅವರು ಕೈಯಿಂದ ದೂಡುವುದು, ಎಳೆಯುವುದು, ಐದು ಕಿಲೋ ಮೇಲಿನದನ್ನು ಎತ್ತುವುದು ಬೇಡ. ಹರ್ನಿಯಾದವರೂ ನಾಲ್ಕರಿಂದ ಆರು ವಾರ ಸೈಕಲ್ಲನ್ನು ಎತ್ತಿ ಕಾರಿನ ಮೇಲೆ ಇಡುವಂತಿಲ್ಲ. ಆ ಕೆಲಸ ಬಳಗದ್ದು.

ಎರಡರಿಂದ ಮೂರನೇ ತಿಂಗಳು: ನೋವಿಲ್ಲದ ಅಪಾಯ

ಬಳಗದಿಂದಲೇ ಹಾನಿಯಾಗುವ ಕಾಲ ಇದು. ಎಂಟನೇ ವಾರಕ್ಕೆ ನೋವಿಲ್ಲ, ಕುಂಟಿಲ್ಲ, ಟ್ರೇನರ್ ಮೇಲೆ ಅರ್ಧ ಗಂಟೆ ಸಲೀಸು. ‘ಇನ್ನೇನು, ಭಾನುವಾರ ಬಂದುಬಿಡು’ ಎನ್ನುತ್ತಾರೆ ಗೆಳೆಯರು. ಆದರೆ ಒಳಗೆ ಕಟ್ಟಿದ ಹೊಸ ಲಿಗಮೆಂಟ್ ಅತ್ಯಂತ ದುರ್ಬಲವಾಗಿರುವುದು ಆರರಿಂದ ಹನ್ನೆರಡನೇ ವಾರದ ನಡುವೆಯೇ. ಬೇರೆಡೆಯಿಂದ ತಂದು ಹಾಕಿದ ಟೆಂಡನ್ ಮೊದಲು ಜೀವ ಕಳೆದುಕೊಂಡು, ಹೊಸ ರಕ್ತನಾಳ ಬೆಳೆದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ನೋವು ಹೋಗುವುದಕ್ಕೂ ಅದು ಗಟ್ಟಿಯಾಗುವುದಕ್ಕೂ ಸಂಬಂಧವಿಲ್ಲ. ಪೆಡಲ್ ತುಳಿಯುವುದರಿಂದ ಅದು ಹರಿಯುವುದು ಕಷ್ಟ. ಸಿಗ್ನಲ್‌ನಲ್ಲಿ ಗಡಬಡಿಸಿ ಕಾಲು ಊರಿ ತಿರುಚಿದಾಗ ಹರಿಯುತ್ತದೆ. ಆದ್ದರಿಂದ ಸರ್ಜನ್ ಒಪ್ಪುವವರೆಗೆ ರಸ್ತೆಯ ಆಹ್ವಾನ ಯಾರೂ ಕೊಡಕೂಡದು ಎಂದು ಸಂಚಾಲಕರು ಬಳಗಕ್ಕೆ ಖಡಾಖಂಡಿತವಾಗಿ ಹೇಳಲಿ. ಸವಾರಿಯ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿನ ತಿಂಗಳ ಪೈಪೋಟಿಯಲ್ಲಿ ಅವರ ಹೆಸರು ಎಳೆಯುವುದೂ ಬೇಡ.

ಹಾಗೆಂದು ದೂರವಿಡುವುದೂ ಸರಿಯಲ್ಲ. ದಿನವೂ ಮೂವತ್ತು ಕಿಲೋಮೀಟರ್ ತುಳಿಯುತ್ತಿದ್ದವರು ಎರಡು ತಿಂಗಳು ಗೋಡೆ ನೋಡುತ್ತ ಕೂತರೆ ಮನಸ್ಸು ಕುಗ್ಗುತ್ತದೆ. ರೈಡ್ ಮುಗಿದ ಮೇಲಿನ ಚಹಾವನ್ನು ಅವರ ಮನೆಯ ಕಟ್ಟೆಯ ಮೇಲೆ ಕುಡಿಯಿರಿ. ಮುಂದಿನ ತಿಂಗಳ ದಾರಿಗಳನ್ನು ಅವರೇ ಗೊತ್ತುಮಾಡಲಿ, ಹೊಸಬರ ಪಂಕ್ಚರ್ ಪಾಠ ಅವರ ಅಂಗಳದಲ್ಲೇ ನಡೆಯಲಿ. ನಿದ್ದೆ, ಊಟ ಬಿಟ್ಟು, ಯಾರೊಂದಿಗೂ ಮಾತು ಬೇಡವೆನ್ನುವುದು ಎರಡು ವಾರ ದಾಟಿದರೆ ‘ಹುಷಾರಾಗ್ತಿ ಬಿಡು’ ಎಂದು ತಟ್ಟಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ರಸ್ತೆಗೆ ಮರಳುವುದು

ಎಸಿಎಲ್‌ಗೆ ಸುಮಾರು ಮೂರು ತಿಂಗಳ ನಂತರ, ಸರ್ಜನ್ ಒಪ್ಪಿದ ಮೇಲೆ. ಹೆದ್ದಾರಿ 52ರ ಲಾರಿಗಳ ನಡುವೆ ಬೇಡ. ತೊರವಿ ಕಡೆಯ ದಾರಿ ಒಳ್ಳೆಯದು: ಹತ್ತಿರ, ಹೆಚ್ಚು ಏರಿಲ್ಲ. ವಿಜಯಪುರಕ್ಕೆ ಪಶ್ಚಿಮದಲ್ಲಿದೆ, ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗಿನ ಪಡುವಣ ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ದಣಿದ ಕಾಲಿಗೆ ಮರಳುವ ದಾರಿ ಹಗುರವಾಗುತ್ತದೆ. ಗಾಳಿಯ ಜೊತೆ ಹೊರಟರೆ ದೂರ ಹೋದದ್ದೇ ಗೊತ್ತಾಗದೆ, ವಾಪಸು ಬರುವಾಗ ಮೊಣಕಾಲು ಊದಿಸಿಕೊಳ್ಳಬೇಕಾಗುತ್ತದೆ. ಮಳೆ ಬಿದ್ದ ಮರುದಿನ ಹೊರಡಬೇಡಿ. ಹೊಲದಿಂದ ಟ್ರ್ಯಾಕ್ಟರ್ ತಂದ ಎರೆಮಣ್ಣು ಡಾಂಬರಿನ ಮೇಲೆ ಸೋಪಿನಂತೆ ಜಾರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಗೆ ದಾರಿ ಬಿಡಲು ಅಂಚಿಗೆ ಇಳಿಯಬೇಕಾಗುತ್ತದೆ, ಆ ಅಂಚಿನ ಮೆಟ್ಟಿಲೇ ಬೀಳಿಸುವುದು.

ಮೊದಲ ಸಲ ಐದಾರು ಕಿಲೋಮೀಟರ್, ಇಬ್ಬರು ಮಾತ್ರ ಜೊತೆಗೆ. ಒಬ್ಬರು ಮುಂದೆ ಗುಂಡಿ ತೋರಿಸುತ್ತ, ಒಬ್ಬರು ಹಿಂದೆ ವಾಹನ ನೋಡುತ್ತ. ಚಕ್ರಕ್ಕೆ ಚಕ್ರ ಹಚ್ಚಿ ಸಾಲಿನಲ್ಲಿ ಹೋಗುವುದು ತಿಂಗಳುಗಟ್ಟಲೆ ಬೇಡ, ಮುಂದಿನವರು ಬ್ರೇಕ್ ಒತ್ತಿದರೆ ಕಾಲು ಊರುವುದೊಂದೇ ಗತಿ. ನಿಲ್ಲುವಾಗ ಒಳ್ಳೆ ಕಾಲೇ ಊರುವ ಅಭ್ಯಾಸವನ್ನು ಖಾಲಿ ಮೈದಾನದಲ್ಲಿ ಹತ್ತಿಪ್ಪತ್ತು ಸಲ ಮಾಡಿಸಿ. ನಿಮಿಷಕ್ಕೆ ಎಂಬತ್ತರ ಮೇಲೆ ಸುತ್ತುವ ಹಗುರ ಗೇರೇ ಸರಿ, ಭಾರದ ಗೇರಿನಲ್ಲಿ ನಿಧಾನ ತುಳಿದರೆ ಚಿಪ್ಪಿನ ಹಿಂದೆ ನೋವು ಹಿಡಿಯುತ್ತದೆ. ಗೇರಿಲ್ಲದ ಹಳೆಯ ಸೈಕಲ್ಲಿಗೆ ಹಿಂದಿನ ಚಕ್ರದ 18 ಹಲ್ಲಿನ ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಿಸಿ. ತುಳಿತ ಶೇ. 18ರಷ್ಟು ಹಗುರವಾಗುತ್ತದೆ, ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬೇಡಿ. ಟೇಪಿನ ಅಳತೆ ಈಗಲೂ ಮುಂದುವರಿಯಲಿ.

ಕ್ಲಿಪ್ ಪೆಡಲ್ ಮರಳಿ ಹಾಕುವುದು ಎಲ್ಲಕ್ಕೂ ಕೊನೆಗೆ, ಫಿಸಿಯೋ ತಿರುವಿನ ವ್ಯಾಯಾಮಗಳನ್ನೆಲ್ಲ ಮುಗಿಸಿದ ಮೇಲೆ. ಹಾಕುವ ಮುಂಚೆ ಪೆಡಲಿನ ಸ್ಪ್ರಿಂಗ್ ಬಿಗಿಯನ್ನು 3 ಮಿ.ಮೀ. ಅಲೆನ್ ಕೀಲಿಯಿಂದ ಅತಿ ಸಡಿಲಕ್ಕೆ ತನ್ನಿ. ಗೋಡೆಗೆ ಒರಗಿ, ಒಳ್ಳೆ ಕಾಲಿನಿಂದ ಶುರುಮಾಡಿ ಹಾಕುವುದು-ಬಿಡಿಸುವುದು ಮಾಡಿ ನೋಡಲಿ. ಆಪರೇಷನ್ ಆದ ಕಾಲನ್ನು ಬಿಡಿಸುವಾಗ ಮೊಣಕಾಲಿನೊಳಗೆ ಎಳೆತ ಕಂಡರೆ ಆ ಬದಿಗೆ ಸಾದಾ ಪೆಡಲೇ ಇರಲಿ. ಎಡಕ್ಕೊಂದು ಬಲಕ್ಕೊಂದು ಬೇರೆ ಪೆಡಲ್ ಇದ್ದರೆ ಸೈಕಲ್ಲಿಗೇನೂ ತೊಂದರೆಯಿಲ್ಲ.